ಎಂಟು ಐವತ್ತರ ಸುದ್ದಿ

ಕಾದ ಧೂಳಿನ ವಾಸನೆ, ಅದರೊಂದಿಗೆ ಬೆರೆತ ಒಂದಿಷ್ಟು ಮೆರುಗೆಣ್ಣೆಯ ವಾಸನೆ. ಬಾಲ್ಯ ಎಂದರೆ ಏವಿಸ್‌ಗೆ ಮೊದಲು ನೆನಪಾಗುತ್ತಿದ್ದುದು ಅದು. ಅಡುಗೆಮನೆಯಲ್ಲಿ ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ ರೇಡಿಯೋ ಕೂತಿರುತ್ತಿತ್ತು. ಅಪ್ಪ ಗುಂಡಿ ತಿರುಗಿಸಿದರೂ ಒಳಗಿನ ಗಾಜಿನ ವಾಲ್ವ್‌ಗಳು ಕೆಂಪಗೆ ಕಾಯುವ ತನಕ ಸದ್ದು ಬರುತ್ತಿರಲಿಲ್ಲ. ಮೊದಲು ವಾಸನೆ, ಆಮೇಲೆ ಮಾತು. ಆ ವಾಸನೆ ಮೂಗಿಗೆ ತಾಗಿದರೆ ಸಾಕು, ಯಾರೋ ನೆಂಟರು ಗೇಟು ತೆಗೆಯುತ್ತಿದ್ದಾರೆ ಅನ್ನುವ ಹಾಗೆ ಅವಳು ನೆಟ್ಟಗೆ ಕೂರುತ್ತಿದ್ದಳು.

ಆರು ವರ್ಷ ತುಂಬಿದ ಸಂಜೆ ರೇಡಿಯೋ ಅವಳ ಹೆಸರು ಹಿಡಿದು ಕರೆಯಿತು. "ಹೊಳೆದಾರಿಯ ಪುಟ್ಟ ಏವಿಸ್‌ಗೆ ಹುಟ್ಟುಹಬ್ಬದ ಶುಭಾಶಯ. ಮಗೂ, ಬಟ್ಟೆ ಕುದಿಸೋ ಹಂಡೆ ಒಳಗೆ ಒಂದು ಸಲ ನೋಡು." ಓಡಿಹೋಗಿ ನೋಡಿದರೆ ಹಂಡೆಯಲ್ಲಿ ಟೋಪಿ ಹಾಕಿಕೊಂಡ ಬಟ್ಟೆಯ ಗೊಂಬೆ. ಅಮ್ಮ ಮೊದಲೇ ರೇಡಿಯೋದವರಿಗೆ ಒಂದು ಕಾರ್ಡು ಬರೆದು ಹಾಕಿದ್ದಳು ಅನ್ನುವುದು ಅವಳಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೂ ರೇಡಿಯೋಗೆ ಕಣ್ಣಿದೆ, ಅದು ತಮ್ಮೂರು ಮೆರಿಂಗಲ್‌ನ ಒಂದೊಂದು ಮನೆಯ ಒಳಗನ್ನೂ ನೋಡುತ್ತದೆ ಎಂದೇ ಅವಳು ನಂಬಿದ್ದಳು. ತಿಳಿದ ಮೇಲೂ ಆ ನಂಬಿಕೆ ಪೂರ್ತಿ ಬಿಟ್ಟುಹೋಗಲಿಲ್ಲ.

ಊರಿನ ಆ ರೇಡಿಯೋ ಕೇಂದ್ರ ಹುಟ್ಟಿದ್ದು ಮುಖ್ಯಬೀದಿಯ ಪಿಯಾನೋ ಅಂಗಡಿಯ ಹಿಂದಿನ ಕೋಣೆಯಲ್ಲಿ. ಕಷ್ಟದ ವರ್ಷಗಳಲ್ಲಿ ಪಿಯಾನೋ ಕೊಳ್ಳುವವರು ಇಲ್ಲದೆ ಹೋದಾಗ, ರೇಡಿಯೋ ಪೆಟ್ಟಿಗೆಯನ್ನಾದರೂ ಕೊಳ್ಳಲಿ ಎಂದು ಅಂಗಡಿಯವನು ಊರಾಚೆ ಕುರಿ ಮೇಯುವ ಹುಲ್ಲುಗಾವಲಿನಲ್ಲಿ ಒಂದು ಕಂಬ ನಿಲ್ಲಿಸಿದ. ಗೋಡೆಗೆ ಗೋಣಿ ಹೊಡೆದು, ನೆಲಕ್ಕೆ ಹಳೆಯ ಕಂಬಳಿ ಹಾಸಿ, ತನ್ನ ನಾದಿನಿಯನ್ನೇ ಹಾಡಲು ಕೂರಿಸಿದ. ಏವಿಸ್ ಶಾಲೆ ಮುಗಿಸಿ ಅಲ್ಲಿ ಗ್ರಾಮಫೋನ್ ಪ್ಲೇಟುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರುವ ಹೊತ್ತಿಗೆ ಜಿಲ್ಲೆಯ ದಿನಚರಿಯೇ ರೇಡಿಯೋದ ದಿನಚರಿಯಾಗಿತ್ತು. ಬೆಳಕು ಹರಿಯುವಾಗ ಕುರಿಸಂತೆಯ ಬೆಲೆ ಮತ್ತು ಹೊಳೆಯ ನೀರಿನ ಮಟ್ಟ. ಹತ್ತು ಗಂಟೆಗೆ ಹೆಂಗಸರ ಕಾರ್ಯಕ್ರಮ. ಅದರಲ್ಲಿ ಹೇಳಿದ ಜಾಮ್ ಆ ವಾರ ಪ್ರತಿ ಮನೆಯಲ್ಲೂ ಕುದಿಯುತ್ತಿತ್ತು, ಕೆಟ್ಟರೆ ಪ್ರತಿ ಮನೆಯಲ್ಲೂ ಕೆಡುತ್ತಿತ್ತು. ಮಧ್ಯಾಹ್ನ ನಾಟಕ. ಸಂಜೆ ಮಕ್ಕಳ ಹುಟ್ಟುಹಬ್ಬ. ಭಾನುವಾರ ಆಸ್ಪತ್ರೆಯಲ್ಲಿ ಮಲಗಿದವರು ಕೇಳಿದ ಹಾಡು. ತಪ್ಪಿಸಿಕೊಂಡ ನಾಯಿಗಳ ವಿವರ ಯಾವ ಹೊತ್ತಿನಲ್ಲಾದರೂ ಬರುತ್ತಿತ್ತು.

ಲೆನ್ ಪೆನ್‌ಹಾಲ್ ಅಲ್ಲಿಗೆ ಉದ್ಘೋಷಕನಾಗಿ ಬಂದದ್ದು ಕರಾವಳಿಯ ಕಡೆಯಿಂದ. ಮೈಮೇಲೆ ಒಂದೇ ಸೂಟು, ಕೈಯಲ್ಲಿ ತೂತಾದ ಕೊಡೆ. ಏವಿಸ್ ಅವನ ಸೂಟಿನ ಗುಂಡಿ ಹೊಲಿದುಕೊಟ್ಟಳು, ಆಮೇಲೆ ಅವನನ್ನೇ ಮದುವೆಯಾದಳು. ಮಕ್ಕಳಾಗಲಿಲ್ಲ. ಆದರೂ ಜಿಲ್ಲೆಯ ಮಕ್ಕಳಿಗೆಲ್ಲ ಅವನು ಅಂಕಲ್ ಲೆನ್. ಸಂಜೆ ಮಕ್ಕಳಿಗೆ ಉಡುಗೊರೆ ಎಲ್ಲಿದೆ ಎಂದು ಹೇಳುವ ಅದೇ ಬಾಯಿ ಬೆಳಿಗ್ಗೆ ಎಂಟು ಐವತ್ತಕ್ಕೆ ಸತ್ತವರ ಸುದ್ದಿ ಓದುತ್ತಿತ್ತು.

ಎಂಟು ಐವತ್ತೇ ಏಕೆಂದರೆ ಹಾಲು ಕರೆಯುವುದು ಮುಗಿದು, ಗಂಡಸರು ಟೀ ಕುಡಿಯಲು ಒಳಗೆ ಬಂದು, ಮತ್ತೆ ಹೊಲಕ್ಕೆ ಹೊರಡುವ ಮೊದಲಿನ ಹೊತ್ತು ಅದು. ಎಲ್ಲರೂ ಒಂದು ಸೂರಿನಡಿ ಇರುವ ಹೊತ್ತು. ಏವಿಸ್ ಮೊದಲು ಚರ್ಚಿನ ಆರ್ಗನ್ ವಾದ್ಯದ ಪ್ಲೇಟು ಹಾಕುತ್ತಿದ್ದಳು. ಅದರಲ್ಲೊಂದು ಗೀರು ಬಿದ್ದು ಒಂದು ಕಡೆ ಟಿಕ್ ಎನ್ನುತ್ತಿತ್ತು. ಆ ಟಿಕ್ ಕೇಳಿದ ಕೂಡಲೇ ಜಿಲ್ಲೆಯಾದ್ಯಂತ ಚಮಚಗಳು ನಿಲ್ಲುತ್ತಿದ್ದವು. ಆಮೇಲೆ ಲೆನ್ ಓದುತ್ತಿದ್ದ: ಹೆಸರು, ಊರು, ಯಾವ ಚರ್ಚು, ಎಷ್ಟು ಹೊತ್ತಿಗೆ. ಒಂದು ಹೆಸರಿಗೂ ಮತ್ತೊಂದಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಿದ್ದ. ರೇಡಿಯೋದಲ್ಲಿ ಸುಮ್ಮನಿರುವುದೆಂದರೆ ಅಪರಾಧ. ಮ್ಯಾನೇಜರು ಆಕ್ಷೇಪಿಸಿದಾಗ ಲೆನ್, "ಸತ್ತೋರಿಗೆ ಅಷ್ಟು ಜಾಗ ಬಿಡ್ಬೇಕು ಸಾರ್," ಎಂದನಂತೆ.

ಹೊಳೆ ಉಕ್ಕಿದ ವರ್ಷ ಸೇತುವೆ ಕೊಚ್ಚಿಹೋಯಿತೆಂದು ಯಾರೋ ಫೋನಿನಲ್ಲಿ ಹಬ್ಬಿಸಿದ ಮಾತಿಗೆ ಹೆದರಿ ಒಂದು ಸಂಸಾರ ತಗ್ಗಿನ ದಾರಿ ಹಿಡಿದು ನೀರುಪಾಲಾಯಿತು. ಸೇತುವೆ ಗಟ್ಟಿಯಾಗಿಯೇ ಇತ್ತು. ಆ ಬೆಳಿಗ್ಗೆ ಅವರೆಲ್ಲರ ಹೆಸರನ್ನೂ ಓದಿ ಮುಗಿಸಿ ಲೆನ್ ಮೈಕಿನಲ್ಲಿ ಹೇಳಿದ: "ಯಾರು ಏನೇ ಅಂದ್ರೂ ಕಿವಿಗೆ ಹಾಕ್ಕೋಬೇಡಿ. ನಾನು ಇಲ್ಲಿಂದ ಹೇಳೋವರೆಗೂ ಮನೆ ಬಿಟ್ಟು ಹೊರಡಬೇಡಿ." ಜಿಲ್ಲೆ ಆ ಮಾತನ್ನು ಎದೆಗೆ ಹಾಕಿಕೊಂಡಿತು. ನೆರೆ ಇಳಿದರೂ ಅಭ್ಯಾಸ ಉಳಿಯಿತು. ಸಾವಿನ ಮನೆಗೆ ಫೋನು ಮಾಡಿ ಯಾವಾಗ, ಎಲ್ಲಿ ಎಂದು ಕೇಳುವುದು ಮರ್ಯಾದೆಗೇಡು ಅನ್ನಿಸಿತು. ಅಳುವವರನ್ನು ಯಾಕೆ ಕಾಡಬೇಕು? ರೇಡಿಯೋ ಹೇಳುತ್ತದೆ. ಹೇಳಿದ ಮೇಲೆ ಹೊರಡುವುದು. ಹಾಗೆ ಹೊರಟು ಬಂದವರಿಂದ ಚರ್ಚು ತುಂಬಿ, ಗಂಡಸರು ಟೋಪಿ ಕೈಯಲ್ಲಿ ಹಿಡಿದು ಹೊರಗೆ ಮರದಡಿ ನಿಲ್ಲುತ್ತಿದ್ದರು. ಯಾರೂ ಇಲ್ಲದ, ಕುರಿಯ ಉಣ್ಣೆ ಕತ್ತರಿಸುವ ಕೂಲಿಯವನು ಸತ್ತಾಗಲೂ ಹಾಗೇ ನಿಂತಿದ್ದರು.

ಲೆನ್ ನಿವೃತ್ತನಾದ ಕೆಲವು ವರ್ಷಕ್ಕೆ ರೇಡಿಯೋ ಮಾರಾಟವಾಯಿತು. ಕೊಂಡವರು ಅದನ್ನು ಇನ್ನೊಬ್ಬರಿಗೆ ಮಾರಿದರು. ಅವರು ಉತ್ತರದ ರಾಜ್ಯದ ದೊಡ್ಡ ಪಟ್ಟಣದವರು. ಇಂಥ ಊರೂರಿನ ರೇಡಿಯೋಗಳನ್ನು ಗೊಂಚಲು ಗೊಂಚಲಾಗಿ ಕೊಂಡು, ಎಲ್ಲದಕ್ಕೂ ಅಲ್ಲಿಂದಲೇ ಒಂದೇ ಮಾತು, ಒಂದೇ ಹಾಡು ಕಳಿಸುತ್ತಿದ್ದರು. ಕಟ್ಟಡದ ಮೇಲೆ ಅಲ್ಲಿಯ ಪ್ರಸಾರ ಹಿಡಿಯುವ ಬಿಳಿ ಬೋಗುಣಿಯಂಥದೊಂದು ಬಂದು ಕೂತಿತು. ಉದ್ಘೋಷಕರು ಹೋದರು. ಹುಟ್ಟುಹಬ್ಬ ಹೋಯಿತು, ಆಸ್ಪತ್ರೆಯ ಹಾಡು ಹೋಯಿತು, ನಾಯಿಗಳು ತಪ್ಪಿಸಿಕೊಂಡರೆ ತಪ್ಪಿಸಿಕೊಂಡವು. ಜನ ಗಲಾಟೆ ಮಾಡಿದ್ದಕ್ಕೆ ಸಾವಿನ ಸುದ್ದಿಯನ್ನು ಮಾತ್ರ ಉಳಿಸಿದರು. ಇಲ್ಲಿಂದ ಬರೆದು ಕಳಿಸಬೇಕು, ಅಲ್ಲಿ ಯಾರೋ ಓದಿ ಯಂತ್ರದಲ್ಲಿ ತುಂಬುತ್ತಾರೆ, ಎಂಟು ಐವತ್ತಕ್ಕೆ ಅದು ತಾನಾಗಿ ಹೊರಡುತ್ತದೆ. ಶನಿವಾರ, ಭಾನುವಾರ ಇಲ್ಲ.

ಪ್ಲೇಟುಗಳನ್ನೆಲ್ಲ ಕಸದ ದೊಡ್ಡ ತೊಟ್ಟಿಗೆ ಸುರಿದ ದಿನ ಏವಿಸ್ ನೋಡಲು ಹೋಗಿದ್ದಳು. ಸುರಿಯುತ್ತಿದ್ದ ಕೂಲಿಯವನು ಅವಳ ಮುಖ ನೋಡಿ ಕೆಳಗಿಳಿದು, "ಯಾವುದು ಬೇಕಮ್ಮ?" ಎಂದ. ಅವಳು ಆರ್ಗನ್ನಿನದೊಂದನ್ನು ಹೇಳಿದಳು. ಅವನು ತೊಟ್ಟಿಯೊಳಗೆ ಮೊಣಕಾಲೂರಿ ಹುಡುಕಿ ಹುಡುಕಿ ತೆಗೆದು, ತನ್ನ ಅಂಗಿಯಿಂದಲೇ ಒರೆಸಿ ಕೊಟ್ಟ.

ಅದರ ಬೆನ್ನಿಗೇ ಬಂದ ಚಳಿಗಾಲದಲ್ಲಿ ಲೆನ್‌ನ ಹೃದಯ ಸೋಲತೊಡಗಿತು. ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು, ಕಾಲಮೇಲೆ ಕಂಬಳಿ ಹೊದ್ದು ಕೂರುತ್ತಿದ್ದ.

"ಏ ಮುದುಕಿ, ನನ್ನದನ್ನ ಯಾರು ಓದ್ತಾರೆ?" ಎಂದ ಒಂದು ದಿನ.

"ಇಷ್ಟು ಜಂಬ ಇರೋರು ಅಷ್ಟು ಬೇಗ ಸಾಯಲ್ಲ. ಸೂಪ್ ಕುಡಿ."

"ಜಂಬ ಅಲ್ಲ ಕಣೆ. ಈ ಜಿಲ್ಲೇಲಿ ಎಲ್ಲರನ್ನೂ ಗೇಟಿನವರೆಗೂ ಬಿಟ್ಟುಬಂದೋನು ನಾನು. ನನ್ನನ್ನೂ ಯಾರಾದ್ರೂ ಬಿಟ್ಟುಬರ್ಬೇಕಲ್ಲ." ಉಸಿರು ಸಾಲದೆ ಸ್ವಲ್ಪ ನಿಂತ. "ನೀನೇ ಓದು. ಆ ಪ್ಲೇಟು ಹಾಕು. ಎಂಟು ಐವತ್ತಕ್ಕೆ ಹೇಳಿಬಿಟ್ರೆ ಸಾಕು, ಜನ ತಾವಾಗೇ ಬರ್ತಾರೆ."

"ಬರದಿದ್ರೆ?"

"ಬರದಿದ್ರೆ ಕುರಿ ಬೆಲೆ ಏರಿದೆ ಅಂತ ತಿಳ್ಕೋ."

ಅವಳು ನಕ್ಕಳು. ನಕ್ಕು, ಆಗಲಿ ಎಂದು ಮಾತು ಕೊಟ್ಟಳು. ಅವನು ಕೇಳಿದ್ದು ಅದೊಂದೇ.

ಅಕ್ಟೋಬರಿನ ಕೊನೆಯ ಗುರುವಾರ ಸಂಜೆ, ಅರ್ಧ ಕುಡಿದ ಟೀ ಪಕ್ಕದಲ್ಲಿಟ್ಟು ಲೆನ್ ಹೋದ. ಊರ ವಾರಪತ್ರಿಕೆ ಹಿಂದಿನ ದಿನವಷ್ಟೇ ಅಚ್ಚಾಗಿತ್ತು. ಹಾಗಾಗಿ ಉಳಿದದ್ದು ರೇಡಿಯೋ ಒಂದೇ.

ಶುಕ್ರವಾರ ಅಂತ್ಯಕ್ರಿಯೆಯ ಏರ್ಪಾಡು ನೋಡಿಕೊಳ್ಳುವ ಮರ್ವಿನ್ ಸ್ಟ್ರಾಂಗ್ ಮನೆಗೆ ಬಂದ. ಒಬ್ಬನೇ ಪಾದ್ರಿ ನಾಲ್ಕು ಊರು ಸುತ್ತುತ್ತಿದ್ದುದರಿಂದ ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಬಿಟ್ಟರೆ ಬೇರೆ ಹೊತ್ತು ಸಿಗುವಂತಿರಲಿಲ್ಲ. "ಬೆಳಿಗ್ಗೆ ಎಂಟು ಐವತ್ತಕ್ಕೆ ಹೇಳಿದ್ರೆ ಹತ್ತಕ್ಕೆ ಬರೋದಕ್ಕೆ ಧಾರಾಳ ಆಯ್ತು ಏವಿಸ್," ಎಂದ. "ಹಿಂದೆ ಎಷ್ಟೋ ಜನಕ್ಕೆ ಹಾಗೇ ಮಾಡಿದೀವಿ." ಅದು ನಿಜವೇ. ಅವಳು ಒಪ್ಪಿದಳು.

ಮಧ್ಯಾಹ್ನ ಆರ್ಗನ್ನಿನ ಪ್ಲೇಟನ್ನು ದಿಂಬಿನ ಚೀಲದಲ್ಲಿ ಸುತ್ತಿಕೊಂಡು ರೇಡಿಯೋ ಕಟ್ಟಡಕ್ಕೆ ಹೋದಳು. ಮುಂಬಾಗಿಲಿಗೆ ಬೀಗ. ಹಿಂದಿನ ಬಾಗಿಲು ತಟ್ಟಿದಾಗ ಜಾಹೀರಾತು ಹಿಡಿಯುವ ಡ್ಯಾರಿಲ್ ಪಾಮ್ರಾಯ್ ತೆರೆದ. ಅಲ್ಲಿ ಉಳಿದಿದ್ದವನು ಅವನೊಬ್ಬನೇ. ಚಿಕ್ಕವನಿದ್ದಾಗ ಲೆನ್‌ನ ಮಕ್ಕಳ ಕಾರ್ಯಕ್ರಮದಲ್ಲಿ ಬಾಯಿಪಾಠ ಹೇಳಲು ಬಂದು, ಮರೆತು, ಮೈಕಿನ ಮುಂದೆಯೇ ಅತ್ತವನು.

"ಮೈಕ್ ಎಲ್ಲಿದೆ ಡ್ಯಾರಿಲ್? ನಾನೇ ಓದ್ತೀನಿ ಅಂತ ಮಾತು ಕೊಟ್ಟಿದೀನಿ."

ಅವನು ತಲೆ ತಗ್ಗಿಸಿದ. "ಮೈಕ್ ಇಲ್ಲ. ತಂತಿ ಸಹ ಕಿತ್ಕೊಂಡು ಹೋದ್ರು. ಇಲ್ಲಿರೋದು ನಾನು, ನನ್ನ ಫೋನು, ಮತ್ತೆ ಅದು." ಗಾಜಿನ ಆಚೆಯ ಕತ್ತಲ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಹಸಿರು ದೀಪ ಮಿಟುಕಿಸುತ್ತಿತ್ತು. ಲೆನ್ ಕೂರುತ್ತಿದ್ದ ಜಾಗ ಅದು.

"ಪ್ಲೇಟು ಹಾಕೋದಕ್ಕೆ?"

"ಯಂತ್ರ ಇಲ್ಲ ಏವಿಸ್." ಅವನು ದಿಂಬಿನ ಚೀಲದತ್ತ ನೋಡಿ ಮತ್ತೆ ಬೇರೆ ಕಡೆ ನೋಡಿದ. "ಬರ್ದು ಕೊಡಿ. ನಾನೇ ಫ್ಯಾಕ್ಸ್ ಮಾಡ್ತೀನಿ. ತಲುಪಿತು ಅಂತ ಅವರು ಹೇಳೋವರೆಗೂ ಈ ಕುರ್ಚಿ ಬಿಟ್ಟು ಏಳಲ್ಲ."

ಅವಳು ನಿಂತಲ್ಲೇ ಬರೆದಳು. ಲೆನ್ ಓದುತ್ತಿದ್ದ ಸಾವಿನ ಸುದ್ದಿಯನ್ನೆಲ್ಲ ಬರೆದುಕೊಡುತ್ತಿದ್ದ ಕೈ ಅದು. ಡ್ಯಾರಿಲ್ ಫ್ಯಾಕ್ಸ್ ಮಾಡಿ, ಫೋನು ಹಿಡಿದು, ಆ ಕಡೆಯವರು ಎಷ್ಟು ಹೊತ್ತು ಸಂಗೀತ ಕೇಳಿಸಿದರೂ ಬಿಡದೆ ಕಾದ. ಕೊನೆಗೆ ಅವನ ಮುಖ ಅರಳಿತು. "ಸೋಮವಾರ ಎಂಟು ಐವತ್ತು. ಪಟ್ಟಿಗೆ ಸೇರಿಸಿದ್ದಾರೆ. ಖಂಡಿತ ಬರುತ್ತೆ." ಆಮೇಲೆ ಅವಳನ್ನು ತನ್ನ ಕಾರಿನಲ್ಲಿ ಮನೆತನಕ ಬಿಟ್ಟ. ದಾರಿಯಲ್ಲಿ ಕಾರಿನ ರೇಡಿಯೋವನ್ನು ಹಾಕಲಿಲ್ಲ.

ಶನಿವಾರ ಸಂಜೆ ಏವಿಸ್ ಪ್ರತಿವರ್ಷದಂತೆ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದಳು. ಆ ದಕ್ಷಿಣದ ನಾಡಿನಲ್ಲಿ ಬೇಸಿಗೆ ಶುರುವಾಗುವುದೇ ಆಗ; ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲೆಂದು ರಾಜ್ಯದವರೆಲ್ಲ ಮಾಡುವ ಕೆಲಸ ಅದು. ಭಾನುವಾರದಿಂದ ಹೊಸ ಹೊತ್ತು. ಅಡುಗೆಮನೆಯದು, ನಡುಮನೆಯದು, ಹಾಸಿಗೆಯ ಪಕ್ಕದ್ದು. ಕೊನೆಗೆ ಲೆನ್‌ನ ಕೈಗಡಿಯಾರ. ಅದನ್ನು ತಿರುಗಿಸದೆ ಬಿಟ್ಟರೆ ಅವನು ಹಿಂದೆ ಉಳಿದುಬಿಡುತ್ತಾನೆ ಅನ್ನಿಸಿ ತಿರುಗಿಸಿದಳು. ಮೆರಿಂಗಲ್‌ನ ಎಲ್ಲ ಮನೆಗಳಲ್ಲೂ ಅದೇ ಹೊತ್ತಿಗೆ ಮುಳ್ಳುಗಳು ಮುಂದೆ ಹೋದವು. ಡ್ಯಾರಿಲ್ ತನ್ನದನ್ನು ತಿರುಗಿಸಿದ, ಮರ್ವಿನ್ ತನ್ನದನ್ನು. ಉತ್ತರದ ರಾಜ್ಯದವರು ತಿರುಗಿಸುವುದಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತಿದ್ದದ್ದೇ. ಅದರ ಬಗ್ಗೆ ಪ್ರತಿವರ್ಷ ಒಂದು ತಮಾಷೆಯೂ ನಡೆಯುತ್ತಿತ್ತು: ತಿರುಗಿಸಿದರೆ ಒಂದು ಗಂಟೆ ಹೆಚ್ಚು ಬಿಸಿಲು ಬಿದ್ದು ಅಲ್ಲಿನವರ ಕಿಟಕಿಯ ಪರದೆ ಮಾಸುತ್ತದಂತೆ, ಹಸುಗಳಿಗೆ ಗೊಂದಲವಾಗುತ್ತದಂತೆ. ಆದರೆ ತಮ್ಮ ರೇಡಿಯೋ ಈಗ ಆ ರಾಜ್ಯದಲ್ಲಿದೆ, ಹಾಗಾದ ಮೇಲೆ ಇದೇ ಮೊದಲ ಬೇಸಿಗೆ ಎಂದು ಯಾರಿಗೂ ಹೊಳೆಯಲಿಲ್ಲ. ಅದು ಎಂದಿನಿಂದಲೂ ಇದ್ದಲ್ಲೇ, ಪಿಯಾನೋ ಅಂಗಡಿಯ ಹಿಂದೆ, ಕುರಿಗಳ ನಡುವಿನ ಕಂಬದಲ್ಲಿ ಇದೆ ಎಂದೇ ಎಲ್ಲರ ಮನಸ್ಸು.

ಸೋಮವಾರ ಬೆಳಿಗ್ಗೆ ಏವಿಸ್ ಕಪ್ಪು ಉಡುಪು ತೊಟ್ಟು, ಟೀ ಮಾಡಿಕೊಂಡು ಅಡುಗೆಮನೆಯ ರೇಡಿಯೋದ ಮುಂದೆ ಕೂತಳು. ಲೆನ್ ಹೋದ ಮೇಲೆ ಅದನ್ನು ಹಾಕಿದ್ದು ಅದೇ ಮೊದಲು. ಕೈಗಡಿಯಾರವನ್ನು ಬಟ್ಟಲಿನ ಪಕ್ಕ ಇಟ್ಟುಕೊಂಡಳು. ಹೊರಗೆ ಹದವಾದ ಬಿಸಿಲು, ದೂರದಲ್ಲಿ ಹುಲ್ಲು ಕೊಯ್ಯುವ ಟ್ರ್ಯಾಕ್ಟರುಗಳ ಸದ್ದು. ವಾರಪೂರ್ತಿ ಮಳೆಯ ಭಯ ಇದ್ದುದರಿಂದ ಜನ ಟೀ ಮುಗಿಸಿದ್ದೇ ಹೊಲಕ್ಕೆ ಓಡುತ್ತಿದ್ದರು.

ಎಂಟು ಐವತ್ತಾಯಿತು. ರೇಡಿಯೋದಲ್ಲಿ ಇಬ್ಬರು ಯುವಕರು ಯಾವುದೋ ಈಜುಕೊಳದ ವಿಷಯಕ್ಕೆ ನಗುತ್ತಿದ್ದರು. ಅವರಲ್ಲೊಬ್ಬ, "ಈಗ ಸಮಯ ಏಳು ಗಂಟೆ ಐವತ್ತು ನಿಮಿಷ," ಎಂದ.

ಅವಳು ಗಡಿಯಾರ ನೋಡಿದಳು. ತಾನು ಒಂದು ವಾರ ಮೊದಲೇ ತಿರುಗಿಸಿಬಿಟ್ಟೆನೇ? ನಡುಮನೆಗೆ ಹೋಗಿ ನೋಡಿದಳು. ಅಲ್ಲೂ ಎಂಟು ಐವತ್ತು. ಕಿಟಕಿಯಾಚೆ ಶಾಲೆಯ ಬಸ್ಸು ಎಂದಿನ ಹೊತ್ತಿಗೆ ತಿರುವು ದಾಟಿತು. ಆಗ ಅವಳಿಗೆ ತಿಳಿಯಿತು. ರೇಡಿಯೋ ಈಗ ಇರುವುದು ಗಡಿಯಾರ ತಿರುಗಿಸದವರ ರಾಜ್ಯದಲ್ಲಿ.

ಫೋನು ಮಾಡಿದಳು. ಆ ಕಡೆ ಎಳೆಯ ದನಿಯ ಹುಡುಗಿ.

"ಮಿಸೆಸ್ ಪೆನ್‌ಹಾಲ್, ಗಾಬರಿ ಆಗ್ಬೇಡಿ. ಇಲ್ಲಿ ಇದೆ. ಎಂಟು ಐವತ್ತಕ್ಕೆ ಹೋಗುತ್ತೆ."

"ಎಂಟು ಐವತ್ತು ಆಗಿಹೋಯ್ತಲ್ಲಮ್ಮ ಇಲ್ಲಿ."

"ಇಲ್ಲಿ ಇನ್ನೂ ಏಳು ಐವತ್ತು ಚಿಲ್ಲರೆ." ಹುಡುಗಿಗೂ ಹೊಳೆದಂತಿತ್ತು. "ಅಯ್ಯೋ. ಬೇಸಿಗೆ ಟೈಮು. ನಿಮ್ಮೂರಿನದನ್ನ ಬದಲಾಯಿಸಬೇಕಿತ್ತು. ಆ ಯಂತ್ರಕ್ಕೆ ಕೈ ಹಾಕೋ ಅಧಿಕಾರ ನಂಗಿಲ್ಲ, ಅದನ್ನ ನೋಡ್ಕೊಳ್ಳೋರು ಬರೋದು ಒಂಬತ್ತಕ್ಕೆ. ಅಂದ್ರೆ ನಿಮ್ಮ ಹತ್ತು. ಬೇರೆಯವರನ್ನ ಕೇಳಿ ನೋಡ್ತೀನಿ, ಲೈನಲ್ಲೇ ಇರಿ." ಅವಳು ಓಡಿದ ಹೆಜ್ಜೆಯ ಸದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಏದುಸಿರು ಬಿಡುತ್ತ ಬಂದು, "ಯಾರೂ ಇಲ್ಲ. ಕ್ಷಮಿಸಿ. ತುಂಬಾ ಕ್ಷಮಿಸಿ," ಎಂದಳು. "ನಿಮ್ಮನೇಲಿ ಯಾರು ತೀರಿಕೊಂಡಿರೋದು?"

"ನಮ್ಮವರು," ಎಂದು ಏವಿಸ್ ಹೇಳಿ, ಆ ಹುಡುಗಿಗೆ ಉಪಕಾರ ಸ್ಮರಿಸಿ ಫೋನಿಟ್ಟಳು.

ಆಮೇಲೆ ತಾನು ಎಂದೂ ಮಾಡದ ಕೆಲಸ ಮಾಡಿದಳು. ಊರವರಲ್ಲಿ ಒಬ್ಬೊಬ್ಬರಿಗೂ ತಾನೇ ಫೋನು ಮಾಡತೊಡಗಿದಳು. ಖಾಲಿ ಅಡುಗೆಮನೆಗಳಲ್ಲಿ ಗಂಟೆ ಬಾರಿಸಿ ಬಾರಿಸಿ ನಿಂತಿತು. ಹೆಂಗಸರೂ ಹುಲ್ಲಿನ ಹೊಲದಲ್ಲಿದ್ದರು. ಕೊನೆಗೊಬ್ಬರು ಎತ್ತಿದರು. ಹಳೆಯ ಬೆಟ್ಟದಾರಿಯ ಪರ್ಸಿ ಗ್ಯಾಡ್, ಕಿವಿ ಮಂದ.

"ಪರ್ಸಿ, ಲೆನ್‌ದು ಇವತ್ತು ಹತ್ತು ಗಂಟೆಗೆ."

"ಯಾರು ಮಾತಾಡೋದು? ಲೆನ್‌ದಾ? ಗೊತ್ತು, ಹೋದ್ನಂತೆ ಪಾಪ. ನಾನು ಸೂಟು ಹಾಕ್ಕೊಂಡು ರೇಡಿಯೋ ಮುಂದೆನೇ ಕೂತಿದೀನಿ."

"ಹತ್ತು ಗಂಟೆಗೆ, ಪರ್ಸಿ. ಇವತ್ತೇ."

"ಇಲ್ಲಮ್ಮ, ಇವತ್ತಲ್ಲ. ಈಗ ತಾನೆ ಕೇಳ್ದೆ, ಹೇಳ್ಲಿಲ್ಲ. ನಿಮಗ್ಯಾರೋ ತಪ್ಪು ಹೇಳಿರ್ಬೇಕು. ಲೆನ್ ಏನ್ ಹೇಳ್ತಿದ್ದ? ರೇಡಿಯೋದಲ್ಲಿ ಹೇಳೋವರೆಗೂ ಹೊರಡಬೇಡಿ ಅಂತ."

"ನಾನು ಏವಿಸ್. ಅವನ ಹೆಂಡತಿ."

"ಆಂ? ಕೇಳಿಸ್ತಿಲ್ಲ. ಏವಿಸ್‌ನ ಕಾಡ್ಬೇಡಿ, ಪಾಪ ಅವಳು ದುಃಖದಲ್ಲಿರ್ತಾಳೆ," ಎಂದು ಬುದ್ಧಿ ಹೇಳಿ ಪರ್ಸಿ ಫೋನಿಟ್ಟ.

ಅಷ್ಟರಲ್ಲಿ ಮರ್ವಿನ್‌ನ ಕಪ್ಪು ಗಾಡಿ ಗೇಟಿಗೆ ಬಂದು ನಿಂತಿತ್ತು.

ಚರ್ಚಿನ ಮುಂದೆ ಮರದಡಿ ಯಾರೂ ಇರಲಿಲ್ಲ. ಡ್ಯಾರಿಲ್ ಮೆಟ್ಟಿಲ ಮೇಲೆ ನಿಂತಿದ್ದ. ಮುಖ ನೋಡಿದರೆ ಅವನಿಗೂ ವಿಷಯ ಗೊತ್ತಾಗಿತ್ತು. ಅಂಗಡಿ ಅಂಗಡಿಗೆ ಓಡಿ ಹೇಳಿ ಬಂದಿದ್ದ. ಬ್ಯಾಂಕಿನಿಂದ ಒಬ್ಬಳು, ರೊಟ್ಟಿ ಅಂಗಡಿಯಿಂದ ಹಿಟ್ಟು ಮೆತ್ತಿದ ಕೈಯಲ್ಲೇ ಒಬ್ಬ, ಪಕ್ಕದ ಮನೆಯ ಗ್ವೆಂಡಾ. ಅಷ್ಟೇ. ಪಕ್ಕದ ಹಾಲ್‌ನಲ್ಲಿ ಚರ್ಚಿನ ಮಹಿಳಾ ಸಂಘದ ಇಬ್ಬರು ಮುದುಕಿಯರು ಬಿಳಿ ಬಟ್ಟೆ ಹಾಸಿ, ಜಿಲ್ಲೆಯೆಲ್ಲ ಬರುತ್ತದೆಂದು ಕಪ್ಪುಬಸಿಗಳನ್ನು ಸಾಲುಸಾಲಾಗಿ ಬೋರಲು ಹಾಕಿಟ್ಟಿದ್ದರು.

"ಒಂದು ಗಂಟೆ ತಡ ಮಾಡೋದಕ್ಕಾಗುತ್ತಾ ಮರ್ವಿನ್?"

ಮರ್ವಿನ್ ಪಾದ್ರಿಯ ಹತ್ತಿರ ಹೋಗಿ ಬಂದ. "ಅವರಿಗೆ ಹನ್ನೆರಡಕ್ಕೆ ಆಚೆ ಊರಲ್ಲಿ ಇನ್ನೊಂದಿದೆ. ಕಾಲು ಗಂಟೆ ಕಾಯ್ತಾರಂತೆ. ಅದಕ್ಕಿಂತ ಹೆಚ್ಚು ಆಗಲ್ಲ ಏವಿಸ್."

ಒಂಬತ್ತು ಐವತ್ತಾಗುತ್ತ ಬಂದಿತ್ತು, ಅಂದರೆ ರೇಡಿಯೋದವರ ಎಂಟು ಐವತ್ತು. ಮರ್ವಿನ್ ಗಾಡಿಯ ಮುಂಬಾಗಿಲು ತೆರೆದು ಅವಳನ್ನು ಕೂರಿಸಿ, ರೇಡಿಯೋ ಹಾಕಿ, ತಾನು ಹೊರಗೆ ಟೋಪಿ ತೆಗೆದು ನಿಂತ. ಹಿಂದೆ ಪೆಟ್ಟಿಗೆಯಲ್ಲಿ ಲೆನ್. ಕಂಬಳಿ ಅಂಗಡಿಯ ಜಾಹೀರಾತು ಮುಗಿಯಿತು. ಆರ್ಗನ್ ಇಲ್ಲ, ಟಿಕ್ ಇಲ್ಲ. ಹೊಸ ದನಿಯೊಂದು, ಕೆಟ್ಟ ದನಿಯೇನಲ್ಲ, ಕಾಗದವನ್ನು ಮೊದಲ ಸಲ ನೋಡುತ್ತಿರುವ ದನಿ, ಲೆನರ್ಡ್ ಜಾನ್ ಪೆನ್‌ಹಾಲ್, ಮೆರಿಂಗಲ್, ಇಂದು ಬೆಳಿಗ್ಗೆ ಹತ್ತು ಗಂಟೆ ಎಂದು ಓದಿತು. ಉಸಿರು ಬಿಡುವಷ್ಟು ಜಾಗವನ್ನೂ ಬಿಡದೆ ಹಾಡು ಶುರುವಾಯಿತು. ಖಾಲಿ ಬೀದಿಯಲ್ಲಿ ಒಂದು ನಾಯಿ ದಾಟಿಹೋಯಿತು. ಏವಿಸ್ ಕೈ ಚಾಚಿ ಗುಂಡಿ ಆರಿಸಿ, ಲೆನ್ ಬಿಡುತ್ತಿದ್ದಷ್ಟು ಹೊತ್ತು ಸುಮ್ಮನೆ ಕೂತು, ಆಮೇಲೆ ಇಳಿದಳು.

ಪಾದ್ರಿ ಕಾಲು ಗಂಟೆ ಕಾದರು. ಪೆಟ್ಟಿಗೆ ಹೊರಲು ಆಳು ಸಾಲದೆ ರೊಟ್ಟಿ ಅಂಗಡಿಯವನು ಹೆಗಲು ಕೊಟ್ಟ. ಅವನ ಕೈಯ ಹಿಟ್ಟು ಕರಿ ಬಟ್ಟೆಗೆ ಮೆತ್ತಿತು. ಕೀರ್ತನೆ ಹಾಡುವಾಗ ಒಂದೊಂದು ದನಿಯೂ ಬೇರೆಬೇರೆಯಾಗಿ ಕೇಳಿಸಿ, ಹಾಡುವವರಿಗೇ ನಾಚಿಕೆಯಾಗಿ ತಗ್ಗಿತು. ಗ್ವೆಂಡಾ ಮಾತ್ರ ಅಪಸ್ವರದಲ್ಲಿ, ಬೇಕೆಂದೇ, ಇಡೀ ಚರ್ಚಿಗಾಗುವಷ್ಟು ಗಟ್ಟಿಯಾಗಿ ಹಾಡಿದಳು. ಏವಿಸ್ ಖಾಲಿ ಬೆಂಚುಗಳತ್ತ ತಿರುಗಿ ನೋಡಲಿಲ್ಲ. ಕೊಟ್ಟ ಮಾತಿನಲ್ಲಿ ಒಂದನ್ನೂ ನಡೆಸಲಾಗಲಿಲ್ಲ. ಓದಲಿಲ್ಲ, ಪ್ಲೇಟು ಹಾಕಲಿಲ್ಲ, ಜನ ಬರಲಿಲ್ಲ. ಬರದಂತೆ ತಡೆದದ್ದು ಬೇರೆ ಯಾರೂ ಅಲ್ಲ, ಲೆನ್‌ನದೇ ಮಾತು. ಅವನು ಹೇಳಿದಂತೆ ಜಿಲ್ಲೆ ಕಾಯುತ್ತ ಕೂತಿತ್ತು.

ಮಣ್ಣಿನ ಕೆಲಸ ಮುಗಿದ ಮೇಲೆ ಡ್ಯಾರಿಲ್ ಹತ್ತಿರ ಬಂದ. "ಅಲ್ಲಿಯವರಿಗೆ ಫೋನು ಮಾಡಿದ್ದೆ. 'ನಾವು ಪ್ರಸಾರ ಮಾಡಿದೀವಲ್ಲ' ಅಂತಾರೆ. ನಾಳೆ ಮತ್ತೊಂದು ಸಲ ಓದ್ತಾರಂತೆ, ಸರಿಯಾದ ಹೊತ್ತಿಗೆ."

"ನಾಳೆ ಓದಿ ಏನು ಮಾಡೋದು ಡ್ಯಾರಿಲ್? ಬೇಡ ಅಂತ ಹೇಳು. ಪರ್ಸಿ ಸೂಟು ಹಾಕ್ಕೊಂಡು ಬಂದುಬಿಡ್ತಾನೆ."

ಅವನು ನಗಲು ಹೋಗಿ, ಆಗದೆ, ಚಿಕ್ಕಂದಿನಲ್ಲಿ ಮೈಕಿನ ಮುಂದೆ ಅತ್ತಂತೆಯೇ ಅತ್ತ. ಅವಳು ಅವನ ಬೆನ್ನು ಸವರಿದಳು.

ಹಾಲ್‌ನಲ್ಲಿ ಇಬ್ಬರು ಮುದುಕಿಯರು ಬಳಸದ ಕಪ್ಪುಗಳನ್ನು ಸದ್ದಾಗದಂತೆ ಒಂದರೊಳಗೊಂದು ಜೋಡಿಸುತ್ತಿದ್ದರು. ಸ್ಯಾಂಡ್‌ವಿಚ್‌ಗಳ ಅಂಚು ಆಗಲೇ ಒಣಗುತ್ತಿತ್ತು. ಏವಿಸ್ ಒಂದು ಕುರ್ಚಿಯಲ್ಲಿ ಕೂತಳು. ಮನೆಗೆ ಹೋಗಬೇಕು, ಹೋದರೆ ಅಲ್ಲಿ ರೇಡಿಯೋ ಇದೆ, ಬಟ್ಟಲಿನಲ್ಲಿ ಬೆಳಗಿನ ಟೀ ಇದೆ. ನಾಳೆಯಿಂದ ಎಂಟು ಐವತ್ತು ಎಂದರೆ ಬರೀ ಎಂಟು ಐವತ್ತು.

ಹೊರಗೆ ಒಂದು ಹಳೆಯ ವ್ಯಾನು ಧೂಳೆಬ್ಬಿಸುತ್ತ ಬಂದು ನಿಂತಿತು. ಇಳಿದವಳು ಲೊರ್ನಾ ಟ್ವೀಡಿ. ಬೆಟ್ಟದಾಚೆಯ ತಪ್ಪಲಿನವಳು, ಐವತ್ತರ ಹತ್ತಿರ. ಕೂದಲಲ್ಲಿ ಒಣಹುಲ್ಲು, ಕಾಲಿಗೆ ಕೆಲಸದ ಬೂಟು. ಒಲೆಯಲ್ಲಿ ಅಡುಗೆ ಇಟ್ಟಿದ್ದರಿಂದ ನೋಡಲೆಂದು ಹೊಲದಿಂದ ಒಳಗೆ ಬಂದಿದ್ದಾಗ ರೇಡಿಯೋದಲ್ಲಿ ಕೇಳಿದಳಂತೆ. ಇದ್ದ ಬಟ್ಟೆಯಲ್ಲೇ ಹೊರಟು, ದಾರಿಯುದ್ದಕ್ಕೂ ನಿಲ್ಲಿಸದೆ ಓಡಿಸಿಕೊಂಡು ಬಂದಿದ್ದಳು.

"ಮುಗೀತಾ?" ಎಂದಳು ಬಾಗಿಲಲ್ಲೇ.

ಒಬ್ಬ ಮುದುಕಿ ತಲೆಯಾಡಿಸಿದಳು.

ಲೊರ್ನಾ ಮೂಲೆಯ ಬೋರಲು ಕಪ್ಪುಗಳನ್ನು ನೋಡಿದಳು. ಆಮೇಲೆ ಏವಿಸ್‌ಳ ಪಕ್ಕದ ಕುರ್ಚಿ ಎಳೆದು ಕೂತಳು.

"ಹಿಟ್ಟಿನ ಡಬ್ಬದ ಹಿಂದೆ ನೋಡು ಅಂದಿದ್ರು ನಂಗೆ, ಅಂಕಲ್ ಲೆನ್," ಎಂದಳು. "ಬಣ್ಣದ ಪೆನ್ಸಿಲ್ ಇತ್ತು."

ಏವಿಸ್‌ಗೆ ಹುಟ್ಟುಹಬ್ಬದ ಆ ಕಾರ್ಡು ನೆನಪಿರಲಿಲ್ಲ. ಎಷ್ಟೊಂದು ಕಾರ್ಡು. ಆದರೂ ಹೌದೆಂದು ತಲೆಯಾಡಿಸಿದಳು.

ಮುದುಕಿಯರು ಬಟ್ಟೆ ಮಡಚಿದರು. ಗ್ವೆಂಡಾ ಮನೆಗೆ ಕರೆದೊಯ್ಯಲು ಬಾಗಿಲಲ್ಲಿ ಬಂದು ನಿಂತಳು. ಆಗ ಲೊರ್ನಾ ಎದ್ದು ವ್ಯಾನಿಗೆ ಹೋಗಿ, ದಪ್ಪ ಟವೆಲಿನಲ್ಲಿ ಸುತ್ತಿದ ಮಣ್ಣಿನ ಪಾತ್ರೆಯೊಂದನ್ನು ತಂದಳು. ಹುಲ್ಲು ಕೊಯ್ಯುವವರ ಮಧ್ಯಾಹ್ನಕ್ಕೆಂದು ಬೇಯಿಸಿದ ಕುರಿಮಾಂಸ, ಆಲೂಗಡ್ಡೆ. ಈ ಕಡೆಯ ಎಲ್ಲ ಪಾತ್ರೆಗಳಂತೆ ಅದರ ತಳಕ್ಕೂ, ತೊಳೆದು ಹಿಂತಿರುಗಿಸಲು ಬರುವವರಿಗೆಂದು, ಮನೆಯ ಹೆಸರು ಬರೆದ ಪಟ್ಟಿ ಅಂಟಿಸಿತ್ತು. ಏವಿಸ್‌ಳ ತೊಡೆಯ ಮೇಲೆ ಮೊದಲು ಟವೆಲನ್ನು ಸರಿಮಾಡಿ, ಬಿಸಿ ತಾಗದಂತೆ ನೋಡಿಕೊಂಡು, ಪಾತ್ರೆಯನ್ನು ಅವಳ ಎರಡೂ ಕೈಗೆ ಕೊಟ್ಟಳು.